ಐವತ್ತರ ನೋಟಿನ ರಥ

"ನಮ್ಮ ರಾಯಚೂರಾಗ ಬರಿಯೋವಂಥದ್ದು ಏನೈತ್ರೀ ಸರ?"

ಮಂಗಳವಾರದಿಂದ ಈ ಮಾತು ಕಿವಿಯಲ್ಲೇ ಕೂತಿದೆ. ಹೊರಗಿನವರು ಯಾರಾದರೂ ಹೀಗೆ ಅಂದಿದ್ದರೆ ಜಗಳಕ್ಕೇ ಬೀಳುತ್ತಿದ್ದೆ. ಆದರೆ ಅಂದವರು ಇದೇ ಊರಿನ ಪೇಂಟರ್. ಮೂವತ್ತು ವರ್ಷದಿಂದ ಇಲ್ಲಿನ ಗೋಡೆ, ಬೋರ್ಡು, ಲಾರಿ ಬೆನ್ನು ಎಲ್ಲಾ ಬರೆದವರು.

ಬೈಕು ರಿಪೇರಿಗೆ ಬಿಟ್ಟಿದ್ದೆ. ಇಲ್ಲದಿದ್ದರೆ ನಮ್ಮ ಬಿಸಿಲಲ್ಲಿ ಯಾರು ಸುಮ್ನೆ ನಡೀತಾರೆ? ಒಂದು ಆಫೀಸಿನ ಕಾಂಪೌಂಡ್ ಪಕ್ಕ ಒಂದಿಷ್ಟು ನೆರಳಿತ್ತು ಅಂತ ರಸ್ತೆ ದಾಟಿದೆ. ಅಲ್ಲಿ ಎರಡು ಡ್ರಮ್ಮಿನ ಮೇಲೆ ಹಲಗೆ ಹಾಕಿಕೊಂಡು ಅವರು ಹಂಪಿಯ ಕಲ್ಲಿನ ರಥ ಬರೆಯುತ್ತಿದ್ದರು. ಬಲಗೈಯಲ್ಲಿ ಬ್ರಷ್ಷು, ಎಡಗೈಯಲ್ಲಿ ಮಡಚಿದ ಒಂದು 50 ರೂಪಾಯಿ ನೋಟು. ನೋಟನ್ನು ಕಣ್ಣಿನ ಹತ್ತಿರ ಹಿಡಿಯುವುದು, ಒಂದು ಗೆರೆ ಎಳೆಯುವುದು, ಮತ್ತೆ ನೋಟು.

"ಮೊಬೈಲ್ ಚಾರ್ಜ್ ಹೋತ್ರಿ. ಇದರ ಹಿಂದ ರಥ ಐತಲ್ಲ" ಅಂದರು.

ನೋಟಿನಲ್ಲಿ ಆ ಚಕ್ರ ಕಡಲೆಬೇಳೆಗಿಂತ ಜಾಸ್ತಿ ದೊಡ್ಡದಿಲ್ಲ. ಗೋಡೆಯ ಮೇಲೆ ಅದು ಅವರ ಸೊಂಟದೆತ್ತರ ಬಂದಿತ್ತು. ದುಂಡಗೆ, ಒಂದಿಷ್ಟೂ ಸೊಟ್ಟ ಇಲ್ಲ. ಕೆಳಗೆ ಕೆಂಪಕ್ಷರದಲ್ಲಿ 'ನಮ್ಮ ಊರು ನಮ್ಮ ಹೆಮ್ಮೆ' ಅಂತ ಬರೆದಾಗಿತ್ತು. ನನಗೆ ನಗು ತಡೆಯಲಾಗಲಿಲ್ಲ. "ನಮ್ಮ ಊರು ಅಂತ ಬರೆದು ಹಂಪಿ ರಥ ಯಾಕಣ್ಣ? ನಮ್ಮೂರಿಂದೇ ಏನಾದ್ರೂ ಬರೀಬಾರ್ದಾ?" ಅಂದೆ. ಆಗ ಬಂತು ಆ ಮಾತು. ಕೋಟೆ ಇದೆಯಲ್ಲ ಅಂದರೆ, "ಕೋಟಿ ಬರದ್ರ ಬರೇ ಕಲ್ಲ ಕಾಣ್ತಾವ. ಸಾಹೇಬ್ರು ರಥ ಅಂದಾರ, ರಥ" ಅಂದು ಮತ್ತೆ ನೋಟು ನೋಡಿದರು.

ಹಂಪಿ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ಈ ಕಡೆ ಯಾವ ಗೋಡೆಗೆ ಸುಣ್ಣ ಹೊಡೆದರೂ ಅದೇ ರಥ ಬಂದು ನಿಲ್ಲುತ್ತದೆ. ಕೃಷ್ಣದೇವರಾಯ 1520ರಲ್ಲಿ ಈ ರಾಯಚೂರು ಕೋಟೆ ಬೇಕು ಅಂತ ಅಲ್ಲಿಂದ ಇಲ್ಲಿಗೆ ದಂಡು ಕಟ್ಟಿಕೊಂಡು ಬಂದ. ನಾವು ಅದೇ ಕೋಟೆ ಪಕ್ಕ ಕೂತು ಅವನ ಊರಿನ ರಥ ಬರೆಸುತ್ತೇವೆ.

ಚಹಾ ಕುಡಿಯುವಾಗ ಕೋಟೆ ಗೋಡೆಯ ಬಂಡಿ ಚಿತ್ರ ನೋಡಿದ್ದೀರಾ ಅಂತ ಕೇಳಿದೆ. ಇಲ್ಲ ಅಂದರು. ಕೇಳಿದ ನಾನಾದರೂ ಅದನ್ನು ಕೊನೆಗೆ ನೋಡಿದ್ದು ಏಳನೇ ಕ್ಲಾಸಿನಲ್ಲಿ, ಮೇಷ್ಟ್ರ ಜೊತೆ ಸಾಲಾಗಿ ಹೋಗಿ. ಹೇಗೂ ಬಸ್ ಸ್ಟ್ಯಾಂಡ್ ಹತ್ತಿರವೇ. ಇಬ್ಬರೂ ನಡೆದೆವು.

ಒಳಕೋಟೆಯ ಪಶ್ಚಿಮದ ಗೋಡೆ. ಗಾರೆ ಇಲ್ಲ, ಸುಣ್ಣ ಇಲ್ಲ, ಕಲ್ಲಿನ ಮೇಲೆ ಕಲ್ಲು. ಅದರಲ್ಲಿ ಒಂದು ಕಲ್ಲು ಮಾತ್ರ ಮುಗಿಯುವುದೇ ಇಲ್ಲ ಅನ್ನುವ ಹಾಗೆ ಉದ್ದಕ್ಕೆ ಹೋಗುತ್ತದೆ.

"ಎಷ್ಟಡಿ ಐತ್ರಿ?"

"41 ಅಡಿ 8 ಇಂಚು."

"ಒಂದ ಕಲ್ಲಾ?" ಅಂದವರು ಸ್ವಲ್ಪ ಹೊತ್ತು ಸುಮ್ಮನಾದರು. ಅಡಿ ಲೆಕ್ಕದಲ್ಲಿ ದುಡ್ಡು ಎಣಿಸುವ ಮನುಷ್ಯ. ಮನಸ್ಸಿನಲ್ಲೇ ಏನೋ ಗುಣಿಸುತ್ತಿದ್ದಾರೆ ಅನ್ನಿಸಿತು.

ಆ ಕಲ್ಲಿನ ಮೇಲೆ ತೆಲುಗು ಶಾಸನ ಇದೆ. ಕಾಕತೀಯರ ಕಾಲದ್ದು, 1294ರದ್ದು. ಅದೇ ಗೋಡೆಯಲ್ಲಿ, ಆ ಕಲ್ಲು ಇಲ್ಲಿಗೆ ಬಂದಿದ್ದು ಹೇಗೆ ಅಂತ ಚಿತ್ರ ಕೆತ್ತಿದ್ದಾರೆ. ಬಂಡಿಯ ಮೇಲೆ ಕಲ್ಲು. ಮುಂದೆ ಜೋಡಿ ಜೋಡಿ ಕೋಣಗಳು, ಹೊಡೆಯುವವರು. ಚಕ್ರದ ಹತ್ತಿರ ಸನ್ನೆಕೋಲು ಕೊಟ್ಟು ಮೀಟುತ್ತಿರುವ ಜನ. ಕೋಣ ಎಷ್ಟು ಅಂತ ಎಣಿಸಲು ಹೋಗಿ ಎರಡು ಸಲ ಲೆಕ್ಕ ತಪ್ಪಿದೆ. ಬಿಸಿಲಿಗೆ ಕಣ್ಣು ನಿಲ್ಲಲಿಲ್ಲ.

ಪೇಂಟರಣ್ಣ ಕೋಣ ಎಣಿಸಲಿಲ್ಲ. ಅವರು ನೋಡಿದ್ದು ಗೆರೆ. ಹೆಬ್ಬೆರಳು ಎತ್ತಿ ಗಾಳಿಯಲ್ಲೇ ಒಂದು ಕೋಣದ ಬೆನ್ನು ಎಳೆದರು.

"ಗೀರು ನೋಡ್ರಿ. ಒಂದ ಸಲಕ್ಕ ಎಳದಾನ. ಕಲ್ಲಿನಾಗ ತಪ್ಪಿದ್ರ ಬಿಳಿ ಬಣ್ಣ ಹೊಡಿಯಾಕ ಬರಂಗಿಲ್ಲ."

ಆಮೇಲೆ, "ಯಾರ ಹೆಸರೈತ್ರಿ ಇದರಾಗ?"

"ಕೋಟೆ ಕಟ್ಟಿಸಿದವರದು. ಗೋರೆ ಗಂಗಯ್ಯ ರುದ್ದಿವಾರು."

"ಬರದವಂದು?"

ನಾನು ಮಾತಾಡಲಿಲ್ಲ. ಅವರು ಜೋರಾಗಿ ನಕ್ಕರು. "ಹಂಗಾದ್ರ ಆವತ್ತೂ ನಂಬರ್ ಅಳಿಸ್ಯಾರ!"

ಅದು ಏನು ಅಂತ ವಾಪಸ್ ಬಂದಾಗ ತೋರಿಸಿದರು. ರಥದ ಬಲಗಡೆ ಮೂಲೆಯಲ್ಲಿ ಒಂದು ಕೈಯಗಲ ಹೊಸ ಬಿಳಿ. ಅದರ ಕೆಳಗೆ ಅವರ ಮೊಬೈಲ್ ನಂಬರಿನ ಹತ್ತು ಅಂಕಿ ಮಸುಕಾಗಿ ಕಾಣುತ್ತಿತ್ತು. ಯಾರಾದರೂ ಕೆಲಸಕ್ಕೆ ಕರೀತಾರೆ ಅಂತ ಬರೆದಿದ್ದರಂತೆ. ಸರ್ಕಾರಿ ಗೋಡೆ, ಜಾಹೀರಾತು ಬೇಡ ಅಂತ ಸಾಹೇಬರು ಅಳಿಸಿದರಂತೆ. ಅಳಿಸಲು ಬಣ್ಣವೂ ಇವರದೇ. ಆ ಸಾಹೇಬರನ್ನು ನಾನು ನೋಡಿಲ್ಲ. ಆದರೂ ಅವರ ಮೇಲೆ ನನಗೆ ಒಳ್ಳೆ ಅಭಿಪ್ರಾಯ ಇಲ್ಲ, ಇದ್ದದ್ದು ಹೇಳ್ತೀನಿ. ಫ್ಲೆಕ್ಸ್ ಬಂದ ಮೇಲೆ ಈ ಜನರ ಕೈಗೆ ಉಳಿದ ಕೆಲಸವೇ ಇಂಥ ಗೋಡೆಗಳು. ಒಂದು ನಂಬರ್ ಇದ್ದಿದ್ದರೆ ರಥ ಓಡುತ್ತಿರಲಿಲ್ವಾ?

ಬೈಕು ತರಲು ಹೋಗುವಾಗ ಸರ್ಕಲ್ಲಿನ ಪ್ರತಿಮೆಗಳನ್ನು ಬೇಕಂತಲೇ ನಿಂತು ನೋಡಿದೆ. ಜಯಂತಿ ದಿನ ಏಣಿ ಹಚ್ಚಿ ಹಾರ ಹಾಕುವಾಗ ಬಿಟ್ಟರೆ ನಾವು ತಲೆ ಎತ್ತುವುದೇ ಇಲ್ಲ. ಎಲ್ಲಾ ನಿಂತ ದೊಡ್ಡವರು, ಎಲ್ಲಾ ನೆಟ್ಟಗೆ. ಬೆನ್ನು ಬಗ್ಗಿಸಿ ಏನನ್ನಾದರೂ ತಳ್ಳುತ್ತಿರುವ ಒಬ್ಬನೂ ಕಟ್ಟೆಯ ಮೇಲಿಲ್ಲ. ಕೆಳಗೆ ರಸ್ತೆಯಲ್ಲಿ ಇದ್ದರು. ಇಬ್ಬರು ಹಮಾಲರು ಅಕ್ಕಿ ಚೀಲದ ತಳ್ಳುಬಂಡಿಯನ್ನು ಏರಿಗೆ ನೂಕುತ್ತಿದ್ದರು. ಒಬ್ಬ ಭುಜ ಕೊಟ್ಟಿದ್ದ, ಇನ್ನೊಬ್ಬ ಚಕ್ರಕ್ಕೇ ಕೈ ಹಾಕಿದ್ದ. ಏಳುನೂರು ವರ್ಷದ ಹಿಂದಿನ ಆ ಕೆತ್ತುವವನಿಗೆ ಕಲ್ಲಿಗಿಂತ ಕಲ್ಲು ನೂಕಿದವರು ಮುಖ್ಯ ಅನ್ನಿಸಿತ್ತಾ, ಅಥವಾ ಇಷ್ಟು ದೊಡ್ಡ ಕಲ್ಲು ತಂದೆವು ಅಂತ ಜಂಬ ತೋರಿಸಲು ಅವರೂ ಬಂದರಾ? ಮನೆಯಲ್ಲಿ ಈ ಪ್ರಶ್ನೆ ಎತ್ತಿದೆ. "ಮೊದ್ಲು ಬೈಕಿನ ಬಿಲ್ ಎಷ್ಟಾಯ್ತು ಹೇಳ್ರಿ" ಅಂದಳು ಹೆಂಡತಿ.

ನಿನ್ನೆ ಬೈಕಿನಲ್ಲಿ ಆ ಕಡೆಯಿಂದಲೇ ಬಂದೆ. ರಥ ಮುಗಿದಿದೆ. ಮುಂದಿನ ಎರಡು ಆನೆ ಸ್ವಲ್ಪ ಗಿಡ್ಡ ಆಗಿವೆ, ನೋಟಿನಲ್ಲಿ ಅವು ಸರಿಯಾಗಿ ಕಂಡಿರಲಿಕ್ಕಿಲ್ಲ. ಆ ಚೆಂದದ ಚಕ್ರದ ಮೇಲೆ ಆಗಲೇ ಯಾರೋ ಮೂಲವ್ಯಾಧಿ ಔಷಧಿಯ ಪೋಸ್ಟರ್ ಅಂಟಿಸಿ ಹೋಗಿದ್ದರು. ಅದರ ಫೋನ್ ನಂಬರ್ ರಸ್ತೆಯ ಆಚೆ ಕಡೆಯಿಂದಲೂ ಓದಲು ಬರುತ್ತದೆ.