ಗಾಳಿಗೆ ಮುಂಚೆ ಕೊಯ್ದ ಹಣ್ಣು

27 ಅಕ್ಟೋಬರ್ 2019, ಭಾನುವಾರ
ಒರಿಂಡಾ, ಕ್ಯಾಲಿಫೋರ್ನಿಯಾ

ನಿನ್ನೆ ಸಂಜೆ ಹೋದ ಕರೆಂಟು ಇನ್ನೂ ಬಂದಿಲ್ಲ. ಬಿರುಗಾಳಿಗೆ ತಂತಿ ಹರಿದು ಕಿಡಿ ಹಾರಿದರೆ ಗುಡ್ಡದ ಒಣಹುಲ್ಲು ಹತ್ತಿಕೊಂಡೀತೆಂದು ಮುಂಚಿತವಾಗಿಯೇ ವಿದ್ಯುತ್ತನ್ನು ನಿಲ್ಲಿಸಿಬಿಡುವ ಕ್ರಮವಿದು. ಈ ತಿಂಗಳಲ್ಲಿ ನಮಗೆ ಎರಡನೆಯ ಸಲ. ಉತ್ತರದ ಸೊನೋಮಾದಲ್ಲಿ ಬುಧವಾರ ರಾತ್ರಿ ಹೊತ್ತಿಕೊಂಡ ಕಿಂಕೇಡ್ ಕಾಡ್ಗಿಚ್ಚು ಆರಿಲ್ಲ, ಇಂದು ವಲೇಹೊ ಊರಿನ ಬೆಂಕಿ ಕಾರ್ಕಿನೆಝ್ ಜಲಸಂಧಿಯನ್ನೇ ದಾಟಿ ಈಚೆ ದಡಕ್ಕೆ ಹಾರಿತು, ಪಕ್ಕದ ಲಫಯೆಟ್‌ನಲ್ಲೂ ಹೊಗೆ ಎದ್ದಿತು. ಗರಾಜಿನ ಬಾಗಿಲನ್ನು ಕೈಯಿಂದಲೇ ಎತ್ತಿ, ಕಾರನ್ನು ರಸ್ತೆಗೆ ಮುಖಮಾಡಿ ನಿಲ್ಲಿಸಿದ್ದೇವೆ.

ಗಾಳಿಯ ಮುನ್ಸೂಚನೆ ಬಂದೊಡನೆ ಹಿತ್ತಲಿನ ಹಣ್ಣಿನ ಮರಗಳನ್ನೆಲ್ಲ ಬರಿದು ಮಾಡಿ ಎಂದು ನೆರೆಮನೆಯವರು ಹೇಳಿದ್ದರು. ನಾನು ಒಪ್ಪಲಿಲ್ಲ. ಕೊಯ್ದ ಮೇಲೂ ಹಣ್ಣಾಗುವುದು ಯಾವುದು, ಆಗದಿರುವುದು ಯಾವುದು ಎಂದು ನೋಡದೆ ಬುಟ್ಟಿ ತುಂಬಿಸಿದರೆ ಅರ್ಧ ಮಾಲು ಕಸದ ಬುಟ್ಟಿಗೇ ಹೋಗುತ್ತದೆ. ಹಸಿ ಅಂಜೂರ ಕಿತ್ತಿಟ್ಟರೆ ಸಿಹಿಯಾಗುವುದಿಲ್ಲ. ದಾಳಿಂಬೆಯೂ ಅಷ್ಟೇ, ಮರದಲ್ಲಿ ಎಷ್ಟು ಮಾಗಿತ್ತೋ ಅಷ್ಟೇ. ಬಣ್ಣ ತಿರುಗಿದ ಪರ್ಸಿಮನ್ ಎಂಬ ಕಿತ್ತಳೆ ಬಣ್ಣದ ಹಣ್ಣು ಮಾತ್ರ ಅಡುಗೆಮನೆಯ ಕಟ್ಟೆಯ ಮೇಲೆ ಕುಳಿತು ತಾನಾಗಿಯೇ ಹದಕ್ಕೆ ಬರುತ್ತದೆ. ಆದ್ದರಿಂದ ನಿನ್ನೆ ಬೆಳಿಗ್ಗೆ, ಗಾಳಿ ಏಳುವ ಮೊದಲು, ಕತ್ತು ಬಾಗಿಸಿ ಜೋತುಬಿದ್ದಿದ್ದ ಅಂಜೂರಗಳನ್ನಷ್ಟೇ ಬಿಡಿಸಿಕೊಂಡೆ. ಪರ್ಸಿಮನ್ನುಗಳನ್ನು ನಾಲ್ಕೆಸಳಿನ ಟೋಪಿ ಕಳಚದಂತೆ ಕತ್ತರಿಯಿಂದ ಕತ್ತರಿಸಿದೆ. ದಾಳಿಂಬೆಯಲ್ಲಿ ದುಂಡಗಿನ ಮೈ ತುಸು ಮೂಲೆಮೂಲೆಯಾಗಿ, ಬೆರಳಲ್ಲಿ ತಟ್ಟಿದರೆ ಕಂಚಿನಂತೆ ಸದ್ದು ಕೊಡುವವನ್ನು ಆರಿಸಿ, ಉಳಿದವನ್ನು ಗಾಳಿಯ ಪಾಲಿಗೆ ಬಿಟ್ಟೆ.

ಇಂದು ಮಧ್ಯಾಹ್ನ ಮಾಸ್ಕ್ ಕಟ್ಟಿಕೊಂಡು ಹೋಗಿ ಮರದಲ್ಲುಳಿದ ಒಂದು ದಾಳಿಂಬೆಯನ್ನು ತಂದು ನೋಡಿದರೆ ಅದರ ಕಿರೀಟದ ಬಟ್ಟಲಿನಲ್ಲಿ ಬೂದಿ ಕುಳಿತಿತ್ತು, ಕುಂಕುಮದ ಭರಣಿಯಲ್ಲಿ ವಿಭೂತಿ ಇಟ್ಟ ಹಾಗೆ. ಮೈ ತೊಳೆದರೆ ಹೋಯಿತು. ಒಣಗಿದ ಕೇಸರಗಳ ನಡುವೆ ಸಿಕ್ಕಿಕೊಂಡದ್ದಕ್ಕೆ ಹಳೆಯ ಹಲ್ಲುಜ್ಜುವ ಬ್ರಷ್ಷೇ ಬೇಕಾಯಿತು. ಕೊಯ್ದ ಹಣ್ಣನ್ನು ಬಿಸಿಲಲ್ಲಿ ಒಣಗಿಸೋಣವೆಂದರೆ ಬೂದಿ, ಯಂತ್ರದಲ್ಲಿ ಒಣಗಿಸೋಣವೆಂದರೆ ಕರೆಂಟಿಲ್ಲ.

ತುಂಬಿದ ಫ್ರೀಜರು ಬಾಗಿಲು ತೆರೆಯದಿದ್ದರೆ ಸುಮಾರು 48 ಗಂಟೆ ತಡೆಯುತ್ತದೆ; ನಮ್ಮದು ಅರ್ಧವೇ ತುಂಬಿದ್ದರಿಂದ 24 ಗಂಟೆಯ ಲೆಕ್ಕ, ಅದು ಇಂದು ಸಂಜೆಗೆ ಮುಗಿಯಿತು. ಗ್ಯಾಸ್ ಒಲೆಗೆ ಬೆಂಕಿಕಡ್ಡಿ ಗೀರಿ, ಕರಗಲಾರಂಭಿಸಿದ್ದ ತೆಂಗಿನ ತುರಿಯನ್ನೂ ಹೆಚ್ಚಿದ ಅಂಜೂರವನ್ನೂ ಬೆಲ್ಲದೊಂದಿಗೆ ಕಾಯಿಸಿ, ಏಲಕ್ಕಿ ಕುಟ್ಟಿ ಹಾಕಿದೆ. ತಳ ಸ್ವಲ್ಪ ಹಿಡಿಯಿತು. ಟಾರ್ಚಿನ ಬೆಳಕಿನಲ್ಲಿ ಪಾಕದ ಎಳೆ ಕಾಣುವುದಿಲ್ಲ.

ಲಕ್ಷ್ಮೀಪೂಜೆಗೆ ಅದೇ ನೈವೇದ್ಯ. ಅಂಗಳದಲ್ಲಿ ದೀಪ ಸಾಲು ಹಚ್ಚುವ ಮಾತೇ ಇಲ್ಲ. ಒಳಗೆ, ನೀರು ತುಂಬಿದ ತಟ್ಟೆಯ ನಡುವೆ ಒಂದೇ ಹಣತೆ ಇಟ್ಟೆವು. ಮೊನ್ನೆ ನೀರು ತುಂಬುವ ಹಬ್ಬಕ್ಕೆ ಶಾಸ್ತ್ರಕ್ಕೊಂದು ತಂಬಿಗೆ ತುಂಬಿಸಿದವಳು ನಿನ್ನೆ ಮನೆಯ ಬಕೆಟ್ಟುಗಳನ್ನೆಲ್ಲ ತುಂಬಿಸಿದ್ದೆ. ಅಮಾವಾಸ್ಯೆಯ ಕತ್ತಲಲ್ಲಿ ಹಿತ್ತಲಿನಿಂದ ಆಗಾಗ ಧೊಪ್ ಎಂಬ ಸದ್ದು ಕೇಳುತ್ತಿದೆ. ಒಡೆದ ದಾಳಿಂಬೆ ನಾಳೆ ಅಳಿಲುಗಳಿಗಾಯಿತು.