ಬೆಟ್ಟದ ಪಾದದಲ್ಲಿ ಐದೂವರೆಗೆ

ವ್ಯಾಯಾಮದ ಸಂಕಲ್ಪ ಮಾಡುವವರಿಗೆ ಮೈಸೂರಿನಲ್ಲಿ ಕೊರತೆಯಿಲ್ಲ. ಆ ಸಂಕಲ್ಪವನ್ನು ಆರು ತಿಂಗಳ ನಂತರವೂ ಉಳಿಸಿಕೊಂಡವರು ಯಾರು, ಹೇಗೆ ಉಳಿಸಿಕೊಂಡರು ಎಂಬುದು ಮಾತ್ರ ನನ್ನನ್ನು ಕೆಲವು ವರ್ಷಗಳಿಂದ ಕಾಡುತ್ತಿರುವ ಪ್ರಶ್ನೆ. ಚಾಮುಂಡಿ ಬೆಟ್ಟದ ಮೆಟ್ಟಿಲುಗಳನ್ನು ನಿಯಮಿತವಾಗಿ ಹತ್ತುವವರಲ್ಲಿ ನಾನೂ ಒಬ್ಬಳು. ಹೊಸ ವರ್ಷದ ಮೊದಲ ವಾರದಲ್ಲಿ ಅಲ್ಲಿ ಕಾಣುವ ಹೊಸ ಮುಖಗಳಲ್ಲಿ ಹೆಚ್ಚಿನವು ಶಿವರಾತ್ರಿಯ ಹೊತ್ತಿಗೆ ಕಾಣಿಸುವುದಿಲ್ಲ. ಅವರಲ್ಲಿ ಉತ್ಸಾಹ ಕಡಿಮೆಯಿತ್ತೆಂದು ನಾನು ನಂಬಲಾರೆ. ಉತ್ಸಾಹ ಕುಂದಿದ ದಿನ ‘ಯಾಕೆ ಬರಲಿಲ್ಲ’ ಎಂದು ಕೇಳುವವರು ಅವರಿಗೆ ಇರಲಿಲ್ಲ, ಅಷ್ಟೆ.

ಈ ಮೆಟ್ಟಿಲುಗಳು 17ನೆಯ ಶತಮಾನದಲ್ಲಿ ದೊಡ್ಡದೇವರಾಜ ಒಡೆಯರ ಆಳ್ವಿಕೆಯಲ್ಲಿ ಆದವು, ಸಾವಿರಕ್ಕೂ ಹೆಚ್ಚಿವೆ. ಸುಮಾರು ಏಳುನೂರು ಮೆಟ್ಟಿಲು ಏರಿದ ಮೇಲೆ ಅದೇ ಕಾಲದ ದೊಡ್ಡ ನಂದಿ ಸಿಗುತ್ತದೆ. ಹೊಸದಾಗಿ ಬರುವವರು ಸಾಮಾನ್ಯವಾಗಿ ‘ಮೂರು ತಿಂಗಳಲ್ಲಿ ಹತ್ತು ಕಿಲೋ ಇಳಿಸಬೇಕು’ ಎಂಬ ಗುರಿಯೊಂದಿಗೆ ಬರುತ್ತಾರೆ. ನನಗೆ ಆ ಗುರಿಯ ಬಗ್ಗೆ ತಕರಾರಿದೆ. ಹಿಂದಿನ ದಿನ ತಿಂದ ಉಪ್ಪು, ಕುಡಿದ ನೀರು, ಹೆಂಗಸರಲ್ಲಿ ಮುಟ್ಟಿನ ದಿನಗಳು, ಇವುಗಳಿಂದಲೇ ದೇಹದ ತೂಕ ಒಂದೆರಡು ಕಿಲೋ ಅತ್ತಿತ್ತ ಆಗುತ್ತದೆ. ಶ್ರದ್ಧೆಯಿಂದ ವಾರವಿಡೀ ಹತ್ತಿದವರಿಗೆ ಭಾನುವಾರ ತಕ್ಕಡಿಯ ಮುಳ್ಳು ಮೇಲಕ್ಕೇ ಹೋದಂತೆ ಕಂಡರೆ ಮನಸ್ಸು ಮುರಿಯುವುದು ಸಹಜ. ಅದರ ಬದಲು ‘ನಂದಿಯವರೆಗೆ ಎಲ್ಲೂ ನಿಲ್ಲದೆ, ಜೊತೆಯವರೊಡನೆ ಮಾತನಾಡಬಲ್ಲಷ್ಟು ಉಸಿರನ್ನು ಉಳಿಸಿಕೊಂಡು ಹತ್ತಬೇಕು’ ಎಂಬುದು ನಮ್ಮ ಕಾಲು ಮತ್ತು ಶ್ವಾಸಕೋಶಕ್ಕೆ ಸಂಬಂಧಿಸಿದ ಗುರಿ. ಅದು ಸಾಧ್ಯವಾಯಿತೋ ಇಲ್ಲವೋ ಎಂಬುದು ಅಂದಂದೇ ತಿಳಿಯುತ್ತದೆ. ಮಾತನಾಡಲು ಆಗುತ್ತಿದೆಯೇ ಎಂದು ನೋಡಿಕೊಳ್ಳುವುದು ಶ್ರಮದ ಮಟ್ಟವನ್ನು ಅಳೆಯಲು ವೈದ್ಯರೂ ಒಪ್ಪುವ ಸರಳ ವಿಧಾನ.

ಹೊಸಬರು ಬಿಟ್ಟುಹೋಗುವುದಕ್ಕೆ ಮತ್ತೊಂದು ಕಾರಣವಿದೆ, ಅದನ್ನು ಮೊದಲೇ ಹೇಳಿಬಿಟ್ಟರೆ ಎಷ್ಟೋ ಜನ ಉಳಿಯುತ್ತಾರೆ. ಮೆಟ್ಟಿಲು ಇಳಿಯುವಾಗ ತೊಡೆಯ ಸ್ನಾಯುಗಳು ಹಿಗ್ಗುತ್ತಲೇ ಭಾರ ತಡೆಯಬೇಕಾಗುತ್ತದೆ. ನೋವು ಆ ದಿನ ಬಾರದೆ ಮರುದಿನ, ಅದರ ಮರುದಿನ ಬರುತ್ತದೆ. ಮೊದಲ ದಿನವೇ ದೇವಸ್ಥಾನದವರೆಗೆ ಹತ್ತಿ, ಅದೇ ಹುರುಪಿನಲ್ಲಿ ಇಳಿದವರಿಗೆ ಮೂರನೆಯ ದಿನ ಮನೆಯ ಮೆಟ್ಟಿಲೂ ಕಷ್ಟವಾಗುತ್ತದೆ, ಅಲ್ಲಿಗೆ ಮುಗಿಯಿತು. ಮೊದಲೆರಡು ವಾರ ಇನ್ನೂರು ಮುನ್ನೂರು ಮೆಟ್ಟಿಲಿಗೆ ಹಿಂದಿರುಗುವುದು, ಪೂರ್ತಿ ಹತ್ತಿದ ದಿನ ಮೇಲಿನಿಂದ ಬಸ್ಸಿನಲ್ಲಿ ಇಳಿಯುವುದು ವಿವೇಕ. ಮಂಡಿ ನೋವಿರುವವರು, ಹೃದಯದ ತೊಂದರೆಯಿರುವವರು ವೈದ್ಯರನ್ನು ಕೇಳಿಯೇ ಬರಬೇಕು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಬ್ರಿಟನ್ನಿನಲ್ಲಿ ಮಿಲ್ನ್, ಆರ್ಬೆಲ್ ಮತ್ತು ಶೀರನ್ ಎಂಬ ಮೂವರು ಮನಃಶಾಸ್ತ್ರಜ್ಞರು 2002ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಅದರಲ್ಲಿ ಒಂದು ಗುಂಪಿನ ವಿದ್ಯಾರ್ಥಿಗಳಿಗೆ ವಿಶೇಷವಾಗಿ ಏನನ್ನೂ ಹೇಳಲಿಲ್ಲ. ಇನ್ನೊಂದು ಗುಂಪಿಗೆ ವ್ಯಾಯಾಮದಿಂದ ಹೃದ್ರೋಗದ ಅಪಾಯ ಹೇಗೆ ತಗ್ಗುತ್ತದೆ ಎಂಬುದನ್ನು ಮನದಟ್ಟು ಮಾಡಿಸಿದರು. ಮೂರನೆಯ ಗುಂಪಿಗೆ ಅದರ ಜೊತೆಗೆ, ಮುಂದಿನ ವಾರ ಯಾವ ದಿನ, ಎಷ್ಟು ಗಂಟೆಗೆ, ಎಲ್ಲಿ ವ್ಯಾಯಾಮ ಮಾಡುತ್ತೀರಿ ಎಂಬುದನ್ನು ಬರೆಸಿದರು. ಮೊದಲ ಗುಂಪಿನಲ್ಲಿ 38 ಶೇಕಡ, ಎರಡನೆಯದರಲ್ಲಿ 35 ಶೇಕಡ ಮಂದಿ ವ್ಯಾಯಾಮ ಮಾಡಿದರೆ, ಮೂರನೆಯದರಲ್ಲಿ 91 ಶೇಕಡ ಮಂದಿ ಮಾಡಿದರು. ಬರಿಯ ಪ್ರೇರಣೆಯ ಮಾತು ಕೇಳಿದವರು ಏನನ್ನೂ ಕೇಳದವರಿಗಿಂತ ಮುಂದೆ ಹೋಗಲಿಲ್ಲ ಎಂಬುದನ್ನು ಓದಿದಾಗ, ದಿನವೂ ಬೆಳಿಗ್ಗೆ ಸ್ಫೂರ್ತಿಯ ವೀಡಿಯೊ ಕಳುಹಿಸುವ ಬಂಧುಗಳೆಲ್ಲ ನೆನಪಾದರು. ಅವರ ಕಾಳಜಿ ದೊಡ್ಡದು. ಆದರೆ ‘ನಾಳೆ ಎಷ್ಟು ಹೊತ್ತಿಗೆ, ಎಲ್ಲಿ’ ಎಂದು ಕೇಳುವ ಒಬ್ಬರು ಅದಕ್ಕಿಂತ ಹೆಚ್ಚು ಉಪಕಾರ ಮಾಡುತ್ತಾರೆ.

ನಮ್ಮದು ಮೂವರ ಗುಂಪು: ನಾನು, ಪಕ್ಕದ ಮನೆಯ ಅಕ್ಕ, ಹಿಂದಿನ ಬೀದಿಯ ನಿವೃತ್ತ ಮೇಷ್ಟ್ರು. ವಾರದಲ್ಲಿ ಮೂರು ದಿನ, ಬೆಳಿಗ್ಗೆ ಐದೂವರೆಗೆ ಬೆಟ್ಟದ ಪಾದದಲ್ಲಿ ಸೇರುತ್ತೇವೆ. ‘ನಾಳೆ ಬರುತ್ತೀರಾ’ ಎಂಬ ಪ್ರಶ್ನೆಯನ್ನು ನಮ್ಮಲ್ಲಿ ಯಾರೂ ಕೇಳುವುದಿಲ್ಲ, ಏಕೆಂದರೆ ಆ ಪ್ರಶ್ನೆಯಲ್ಲಿಯೇ ಬಾರದಿರಲು ಅವಕಾಶವಿದೆ. ಬರಲಾಗದವರು ಹಿಂದಿನ ರಾತ್ರಿ ಒಂಬತ್ತರೊಳಗೆ ಫೋನ್ ಮಾಡಿ ಹೇಳಬೇಕು. ಈ ನಿಯಮ ಅಕ್ಕನದು. “ನೋಡಮ್ಮ, ಬರಕ್ಕಾಗಲ್ಲ ಅಂದ್ರೆ ಬಾಯಲ್ಲಿ ಹೇಳು, ಮೆಸೇಜ್ ಹಾಕಬೇಡ” ಎಂದು ಅವರು ಶುರುವಿನಲ್ಲೇ ಹೇಳಿದ್ದರು. ಅದರ ಹಿಂದಿನ ತಿಳಿವಳಿಕೆ ನನಗೆ ಬಹಳ ಹಿಡಿಸಿದೆ: ನಿಜವಾದ ಕಾರಣವಿದ್ದರೆ ದನಿಯೆತ್ತಿ ಹೇಳುವುದು ಕಷ್ಟವಲ್ಲ, ಸೋಮಾರಿತನವಾಗಿದ್ದರೆ ಇನ್ನೊಬ್ಬರ ದನಿ ಕೇಳಿದ ಕೂಡಲೇ ಅದು ಕರಗುತ್ತದೆ.

ಮೇಷ್ಟ್ರ ಕೊಡುಗೆ ಒಂದು ನೋಟ್‌ಬುಕ್. ಹತ್ತಿದ ದಿನ, ಎಲ್ಲಿಯವರೆಗೆ, ಎಲ್ಲಿ ನಿಂತೆವು, ಮಂಡಿ ಹೇಗಿತ್ತು, ಇಷ್ಟನ್ನು ಮೂವರೂ ಬರೆಯುತ್ತೇವೆ. ಬಾರದ ದಿನದ ಎದುರು ಕಾರಣವನ್ನೂ ಬರೆಯಬೇಕು. ಬೈಗುಳವಿಲ್ಲ, ದಂಡವಿಲ್ಲ, ಬರೆಯುವುದೊಂದೇ ಕಡ್ಡಾಯ. ಕೆಲವು ತಿಂಗಳ ಕಾರಣಗಳನ್ನು ಒಟ್ಟಿಗೆ ಓದಿದಾಗ ತಪ್ಪುವ ದಿನಗಳೆಲ್ಲ ತಡವಾಗಿ ಮಲಗಿದ ರಾತ್ರಿಗಳ ಮರುದಿನವೇ ಆಗಿದ್ದವೆಂದು ಕಂಡಿತು. ಅಂದರೆ ನಾವು ತಿದ್ದಬೇಕಾದದ್ದು ರಾತ್ರಿಯನ್ನು. ಫೋನಿನಲ್ಲಿ ಹೆಜ್ಜೆ ಎಣಿಸುವವರನ್ನು ನಾನು ಬೇಡವೆನ್ನುವುದಿಲ್ಲ, ಆದರೆ ಹತ್ತು ಸಾವಿರ ಹೆಜ್ಜೆಯ ಆ ಪ್ರಸಿದ್ಧ ಲೆಕ್ಕ 1965ರಲ್ಲಿ ಜಪಾನಿನ ಕಂಪನಿಯೊಂದು ಮಾರುಕಟ್ಟೆಗೆ ತಂದ ಹೆಜ್ಜೆ ಎಣಿಸುವ ಸಾಧನದ ಹೆಸರಿನಿಂದ ಬಂದದ್ದು. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷದ ಮಧ್ಯಮ ಶ್ರಮ, ಅದರ ಜೊತೆಗೆ ಎರಡು ದಿನವಾದರೂ ಸ್ನಾಯು ಬಲಪಡಿಸುವ ವ್ಯಾಯಾಮ.

ಈ ಬಗೆಯ ಉತ್ತರದಾಯಿತ್ವ ನಮ್ಮ ಊರಿಗೆ ಹೊಸದೇನೂ ಅಲ್ಲ. ಮೈಸೂರಿನ ಗರಡಿ ಮನೆಗಳು ತಲೆಮಾರುಗಳಿಂದ ನಿಂತಿರುವುದೇ ಇದರ ಮೇಲೆ. ಅಲ್ಲಿ ಸಾಮು ಮಾಡುವ ಹುಡುಗ ಒಂದು ದಿನ ತಪ್ಪಿದರೆ ಉಸ್ತಾದರಿಗೆ ತಿಳಿಯುತ್ತದೆ, ಜೊತೆಗಾರನಿಗೆ ಜೋಡಿ ಇಲ್ಲದಾಗುತ್ತದೆ, ಮಟ್ಟಿಯನ್ನು, ಅಂದರೆ ಕುಸ್ತಿಯ ಅಂಕಣದ ಮಣ್ಣನ್ನು, ಅಗೆದು ಹದ ಮಾಡುವ ಕೈ ಒಂದು ಕಡಿಮೆಯಾಗುತ್ತದೆ. ಎದುರಿಗೆ ದಸರಾ ಕುಸ್ತಿಯ ದಿನಾಂಕ ಇರುತ್ತದೆ. ತಿಂಗಳ ಶುಲ್ಕ ಕಟ್ಟಿಸಿಕೊಂಡು, ಬಂದರೂ ಬಾರದಿದ್ದರೂ ಕೇಳದ ಜಿಮ್ಮಿನಲ್ಲಿ ಯಂತ್ರಗಳಿವೆ, ಈ ಬಂಧವಿಲ್ಲ. ಒಳ್ಳೆಯ ತರಬೇತುದಾರರು ಇರುವ ಕಡೆ ಅದೂ ಇರುತ್ತದೆ, ಅಂಥವರು ಸಿಕ್ಕರೆ ಬಿಡಬಾರದು. ನೂರಿನ್ನೂರು ಜನರ ವಾಟ್ಸಾಪ್ ಗುಂಪಿನಲ್ಲಿ ಸಂಕಲ್ಪ ಸಾರುವುದರಿಂದ ಇದು ಸಿಗುವುದಿಲ್ಲ. ಅಲ್ಲಿ ಹೊಗಳಿಕೆ ಮೊದಲ ದಿನವೇ ಸಿಗುತ್ತದೆ, ಮೂವತ್ತನೆಯ ದಿನ ನಾವು ಕಾಣೆಯಾದರೆ ಯಾರಿಗೂ ಗೊತ್ತಾಗುವುದಿಲ್ಲ.

ಹೆಂಗಸರ ಮಟ್ಟಿಗೆ ಇನ್ನೊಂದು ಮಾತು ಹೇಳಲೇಬೇಕು. ಬೆಳಿಗ್ಗೆ ಐದೂವರೆಗೆ ಮನೆಯಿಂದ ಹೊರಗಿರುವುದೆಂದರೆ ಡಿಕಾಕ್ಷನ್ ಹಾಕುವವರು, ತಿಂಡಿಗೆ ಹೆಚ್ಚುವವರು, ಮಕ್ಕಳನ್ನು ಎಬ್ಬಿಸುವವರು ಬೇರೆಯಾಗಬೇಕು. ಮನೆಯವರೆಲ್ಲ ಕುಳಿತು ಆ ಮೂರು ದಿನದ ಕೆಲಸವನ್ನು ಹಂಚಿಕೊಳ್ಳದಿದ್ದರೆ ಸಂಕಲ್ಪ ಎಷ್ಟು ಗಟ್ಟಿಯಿದ್ದರೂ ಪ್ರಯೋಜನವಿಲ್ಲ, ಬಿಟ್ಟಾಗ ಮಾತ್ರ ‘ನಿನಗೆ ಶಿಸ್ತಿಲ್ಲ’ ಎಂಬ ಮಾತು ಅವಳಿಗೇ ಬರುತ್ತದೆ. ನಮ್ಮ ಮನೆಯಲ್ಲಿ ಆ ದಿನಗಳ ತಿಂಡಿ ನನ್ನ ಯಜಮಾನರದು, ಮತ್ತು ಅದು ನನ್ನ ಮೇಲಿನ ಉಪಕಾರವೆಂದು ಯಾರೂ ಮಾತನಾಡುವುದಿಲ್ಲ.

ತಪ್ಪಿದ ದಿನಗಳ ಬಗ್ಗೆ ಅತಿಯಾಗಿ ಕೊರಗುವವರಿಗೆ, ಯೂನಿವರ್ಸಿಟಿ ಕಾಲೇಜ್ ಲಂಡನ್ನಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಮಂದಿಯ ಮೇಲೆ ನಡೆಸಿದ ಅಧ್ಯಯನ ಧೈರ್ಯ ಕೊಡುತ್ತದೆ. ಒಂದು ಕೆಲಸ ಅಭ್ಯಾಸವಾಗಲು ಜನರಿಗೆ 18ರಿಂದ 254 ದಿನಗಳವರೆಗೆ ಬೇಕಾಯಿತು, ನಡುವಿನ ಅಂಕಿ 66. ನಡುವೆ ಒಂದು ದಿನ ತಪ್ಪಿದ್ದರಿಂದ ಅಭ್ಯಾಸ ಬೇರೂರುವುದಕ್ಕೆ ಹೇಳಿಕೊಳ್ಳುವ ಅಡ್ಡಿಯಾಗಲಿಲ್ಲ. ‘ಇಪ್ಪತ್ತೊಂದು ದಿನದಲ್ಲಿ ಅಭ್ಯಾಸ’ ಎಂಬ ಜನಪ್ರಿಯ ಮಾತನ್ನು ನಂಬಿ, ಇಪ್ಪತ್ತೆರಡನೆಯ ದಿನವೂ ಏಳಲು ಕಷ್ಟವಾದಾಗ ತಮ್ಮಲ್ಲೇ ಕೊರತೆಯಿದೆ ಎಂದುಕೊಳ್ಳುವವರನ್ನು ಕಂಡರೆ ನನಗೆ ನೋವಾಗುತ್ತದೆ.

ಆಷಾಢ ಶುಕ್ರವಾರಗಳಲ್ಲಿ ಮೆಟ್ಟಿಲುಗಳು ಭಕ್ತರಿಂದ ತುಂಬಿರುತ್ತವೆ, ಮಳೆ ಬಿದ್ದ ದಿನ ಕಲ್ಲು ಜಾರುತ್ತದೆ. ಅಂಥ ದಿನಗಳಿಗೆ ನಾವು ಕುಕ್ಕರಹಳ್ಳಿ ಕೆರೆಯ ಏರಿಯನ್ನು ಮೊದಲೇ ಗೊತ್ತು ಮಾಡಿಕೊಂಡಿದ್ದೇವೆ. ಜಾಗ ಬದಲಾಗುತ್ತದೆ, ಸಮಯ ಬದಲಾಗುವುದಿಲ್ಲ. ಮೇಷ್ಟ್ರು ಮಗಳ ಮನೆಗೆಂದು ಶಿವಮೊಗ್ಗಕ್ಕೆ ಹೋದಾಗ ಅಲ್ಲಿಯೇ ನಡೆಯುತ್ತಾರೆ, ಭಾನುವಾರ ಸಂಜೆ ಫೋನಿನಲ್ಲಿ ತಮ್ಮ ವಾರದ ಪುಟವನ್ನು ಓದಿ, ನಮ್ಮಿಬ್ಬರ ಪುಟಗಳನ್ನೂ ಓದಿಸಿಕೊಳ್ಳುತ್ತಾರೆ.