ಕೈ ಬೀಸಿದ್ದು ಒಂದೇ ಸಲ ಅಂದುಕೊಂಡಿದ್ದೆ

ನಮ್ಮ ಡಿಪೋಗೆ ಹೊಸ ಡ್ರೈವರ್‌ಗಳು ಬಂದಾಗಲೆಲ್ಲ ನನ್ನನ್ನು ಮುಂದೆ ನಿಲ್ಲಿಸುತ್ತಾರೆ. 17 ವರ್ಷ ಬಸ್ ಓಡಿಸಿದ್ದಾರೆ, ಒಂದೂ ಆಕ್ಸಿಡೆಂಟ್ ಇಲ್ಲ ಅಂತ ಪರಿಚಯ. ದಾಖಲೆಯಲ್ಲಿ ಈಗಲೂ ಹಾಗೇ ಇದೆ. ಯಾಕೆ ಹಾಗೇ ಇದೆ ಅನ್ನುವುದನ್ನು ಬರೆದುಬಿಡೋಣ ಅಂತ ಕೂತಿದ್ದೇನೆ.

ಅವತ್ತು ಸೆಕೆಂಡ್ ಶಿಫ್ಟ್, ಮೂರನೇ ಟ್ರಿಪ್. ಆರು ನಿಮಿಷ ಲೇಟು. ಲೇಟಾಗದೆ ಓಡಿಸುವುದು ಆ ಶೆಡ್ಯೂಲ್‌ನಲ್ಲಿ ಆಗದ ಮಾತು. ನಡುವೆ ಎರಡು ಸ್ಟಾಪ್ ಸೇರಿಸಿದರು, ರನ್ನಿಂಗ್ ಟೈಮ್ ಮಾತ್ರ ಹಳೆಯದೇ ಉಳಿಯಿತು. ಕೇಳಿದರೆ ಸಾಫ್ಟ್‌ವೇರ್ ಕಡೆ ಬೆರಳು ತೋರಿಸುತ್ತಾರೆ. ಸಾಫ್ಟ್‌ವೇರ್‌ಗೆ ಮಳೆ ಗೊತ್ತಿಲ್ಲ. ಮೆಟ್ಟಿಲು ಇಳಿಯಲು ಹೊತ್ತು ಹಿಡಿಯುವ ಮೊಣಕಾಲುಗಳೂ ಗೊತ್ತಿಲ್ಲ.

ಮಳೆ ಆಗತಾನೇ ಶುರುವಾಗಿತ್ತು. ಬರೀ ತುಂತುರು. ಜೋರು ಮಳೆಗಿಂತ ಈ ಮೊದಲ ಹತ್ತು ನಿಮಿಷದ ತುಂತುರೇ ನಮಗೆ ಭಯ. ರಸ್ತೆ ಮೇಲಿನ ಎಣ್ಣೆ, ಧೂಳು ನೀರಿನ ಜೊತೆ ಕಲೆತು ಲೋಳೆ ಆಗುತ್ತದೆ. ಜೋರಾಗಿ ಸುರಿದರೆ ತೊಳೆದುಕೊಂಡಾದರೂ ಹೋಗುತ್ತದೆ.

ಆ ಸ್ಟಾಪಿನಲ್ಲಿ ಆರೇಳು ಜನ ಇಳಿದರು. ಕೊನೆಗೆ ಒಬ್ಬ ಯಜಮಾನರು. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಛತ್ರಿ. ಕಂಡಕ್ಟರ್ ಡಬಲ್ ಬೆಲ್ ಕೊಟ್ಟ. ಬಲ ಇಂಡಿಕೇಟರ್ ಹಾಕಿದೆ, ಬಲಗನ್ನಡಿ ನೋಡಿದೆ, ಖಾಲಿ. ಹ್ಯಾಂಡ್‌ಬ್ರೇಕ್ ಬಿಡಬೇಕು, ಅಷ್ಟರಲ್ಲಿ ಮುಂದಿನ ಗಾಜಿನ ಎಡಮೂಲೆಯಲ್ಲಿ ಛತ್ರಿಯ ತುದಿ ಕಾಣಿಸಿತು. ಅದೇ ಯಜಮಾನರು. ಬಸ್ಸಿನ ಮುಂದಿನಿಂದ ರಸ್ತೆ ದಾಟಲು ಇಳಿದಿದ್ದರು. ಅರ್ಧಕ್ಕೆ ನಿಂತು ನನ್ನ ಮುಖ ನೋಡಿದರು. ಹೋಗಲೋ ಬೇಡವೋ ಅನ್ನುವ ನೋಟ.

ನಾನು ಕೈ ಬೀಸಿದೆ. ಹೋಗಿ ಹೋಗಿ.

ಅವರ ಮುಖ ಸಡಿಲವಾಯಿತು. ಒಂದು ಸಲ ತಲೆ ಆಡಿಸಿದರು. ಆಮೇಲೆ ಬಲಕ್ಕೆ ತಿರುಗಿ ನೋಡಲೇ ಇಲ್ಲ. ಯಾಕೆ ನೋಡುತ್ತಾರೆ? ಅಷ್ಟು ಎತ್ತರದಲ್ಲಿ ಕೂತ ಡ್ರೈವರೇ ಹೋಗಿ ಅಂದಮೇಲೆ ಮುಗಿಯಿತಲ್ಲ.

ಬೈಕಿನ ಸದ್ದು ಮೊದಲು ಬಂತು, ಬೈಕ್ ಆಮೇಲೆ. ಕಿಟಕಿಯ ಹಿಂದೆ ಇಂಜಿನ್ ದನಿ ಏರಿತು. ಕನ್ನಡಿ ತುಂಬ ಹೆಡ್‌ಲೈಟ್. ನನ್ನ ಕೈ ಇನ್ನೂ ಗಾಳಿಯಲ್ಲೇ ಇತ್ತು. ಹಾರ್ನ್ ಹೊಡೆದರೆ ಯಜಮಾನರು ಬೆಚ್ಚಿ ನಿಲ್ಲುತ್ತಾರೆ. ಎಲ್ಲಿ ನಿಲ್ಲುತ್ತಾರೆ? ಬೈಕಿನ ದಾರಿಗೆ ಮುಂಚೆಯೋ, ದಾರಿಯಲ್ಲೇ? ಇದನ್ನೆಲ್ಲ ಯೋಚಿಸಿದೆ ಅಂದರೆ ನೀವು ನಂಬಲಿಕ್ಕಿಲ್ಲ, ಆದರೆ ಯೋಚಿಸಿದೆ. ಯೋಚಿಸುತ್ತಲೇ ಏನೂ ಮಾಡಲಿಲ್ಲ. ಗಾಜಿನೊಳಗೆ ಕೂತು "ಏಯ್" ಅಂತ ಕೂಗಿದೆ. ಅದು ಬಸ್ಸಿನೊಳಗಿನವರಿಗೆ ಮಾತ್ರ ಕೇಳಿಸಿತು.

ಹುಡುಗ ಬ್ರೇಕ್ ಹಿಡಿದ. ಮುಂದಿನ ಚಕ್ರ ಜೀಬ್ರಾದ ಬಿಳಿ ಪಟ್ಟಿ ಮೇಲಿತ್ತು. ಒದ್ದೆ ಬಣ್ಣದ ಮೇಲೆ ಟೈರಿಗೆ ಹಿಡಿತ ಸಿಗುವುದಿಲ್ಲ. ಚಕ್ರ ಲಾಕ್ ಆಗಿ ಬೈಕ್ ಪಕ್ಕಕ್ಕೆ ಮಲಗಿತು, ಜಾರಿತು. ಹುಡುಗ ಒಂದು ಕಡೆ, ಬೈಕ್ ಒಂದು ಕಡೆ. ಕೋಲು ಹಾರಿದ್ದು ಕಂಡಿತು. ಯಜಮಾನರು ಹಿಂದಕ್ಕೆ ಮುಗ್ಗರಿಸಿ ನನ್ನ ಬಂಪರ್ ಕಡೆ ಕುಸಿದರು.

ಕುಸಿದ ಮೇಲೆ ನನಗೆ ಅವರು ಕಾಣಲಿಲ್ಲ. ಬಸ್ಸಿನ ಮೂತಿಗೆ ಅಂಟಿಕೊಂಡು ಕೂತವರು ಡ್ರೈವರ್ ಸೀಟಿನಿಂದ ಕಾಣುವುದಿಲ್ಲ. ವೈಪರ್ ಆಚೆ ಈಚೆ ಆಡುತ್ತಿತ್ತು, ಛತ್ರಿಯೊಂದು ರಸ್ತೆ ಮೇಲೆ ಗಿರಗಿರ ತಿರುಗುತ್ತಿತ್ತು, ಮನುಷ್ಯ ಇಲ್ಲ. ಹ್ಯಾಂಡ್‌ಬ್ರೇಕ್ ಹಾಕಿಯೇ ಇದೆ ಅಂತ ಮೂರು ಸಲ ಮುಟ್ಟಿ ನೋಡಿದೆ. ನನ್ನ ಬಾಗಿಲು ಎಳೆದರೆ ಬರಲಿಲ್ಲ. ಅದು ಸಿಕ್ಕಿಕೊಳ್ಳುತ್ತದೆ ಅಂತ ಡಿಫೆಕ್ಟ್ ಬುಕ್‌ನಲ್ಲಿ ಎರಡು ಸಲ ಬರೆದಿದ್ದೆ. ಕೊನೆಗೆ ಪ್ಯಾಸೆಂಜರ್‌ಗಳ ಮಧ್ಯೆ ನುಗ್ಗಿ ಎಡ ಬಾಗಿಲಿನಿಂದ ಇಳಿದೆ. ಅಷ್ಟು ದೂರ ನಡೆದದ್ದು ನೆನಪಿಲ್ಲ. ಕಾಲು ನಡುಗುತ್ತಿದ್ದದ್ದು ನೆನಪಿದೆ.

ಯಜಮಾನರು ಕೂತಿದ್ದರು. ಪೆಟ್ಟಿಲ್ಲ. ಅಂಗೈ ತರಚಿತ್ತು ಅಷ್ಟೆ. ನನ್ನನ್ನು ನೋಡಿ ಮೆಲ್ಲಗೆ ಕೇಳಿದರು, "ನೀನೇ ಅಲ್ವೇನಪ್ಪಾ ಹೋಗು ಅಂದಿದ್ದು?"

ಬೈಗುಳ ಅಲ್ಲ ಅದು. ಅವರಿಗೆ ನಿಜಕ್ಕೂ ಅನುಮಾನ ಬಂದಿತ್ತು, ತಾವೇ ತಪ್ಪು ತಿಳಿದುಕೊಂಡೆವೇನೋ ಅಂತ. ನಾನು ಉತ್ತರ ಕೊಡಲಿಲ್ಲ. ಹುಡುಗನ ಕಡೆ ತಿರುಗಿ, ಬಸ್ಸಿನವರಿಗೆಲ್ಲ ಕೇಳುವ ಹಾಗೆ ಕೂಗಾಡಿದೆ. "ಕಣ್ಣು ಕಾಣಲ್ವಾ? ನಿಂತ ಬಸ್ಸನ್ನು ಹೀಗಾ ಓವರ್‌ಟೇಕ್ ಮಾಡೋದು?" ಅವನು ಮಣಿಕಟ್ಟು ಹಿಡಿದುಕೊಂಡು ಕೂತಿದ್ದ. ಹೆಲ್ಮೆಟ್ಟಿನ ಒಂದು ಪಕ್ಕ ಕಿವಿಯಿಂದ ಗಲ್ಲದವರೆಗೆ ತೇದು ಹೋಗಿತ್ತು. ಬಕಲ್ ಹಾಕಿದ್ದ, ಪುಣ್ಯ. ಬಕಲ್ ಇಲ್ಲದಿದ್ದರೆ ಮೊದಲು ಹಾರುವುದೇ ಹೆಲ್ಮೆಟ್. ಯಾರೋ ಅದನ್ನು ತೆಗೆಯಲು ಕೈ ಹಾಕಿದರು. ನಮ್ಮ ಕಂಡಕ್ಟರ್ ತಡೆದ. ಕತ್ತಿಗೆ ಪೆಟ್ಟಾಗಿದ್ದರೆ ಎಳೆಯುವುದರಿಂದ ಇನ್ನೂ ಹಾಳಾಗುತ್ತದೆ, ಉಸಿರಾಟ ಸರಿ ಇದ್ದರೆ ಮುಟ್ಟಬೇಡಿ ಅಂದ. ಫಸ್ಟ್ ಏಡ್ ಕ್ಲಾಸಿನಲ್ಲಿ ಹೇಳಿಕೊಟ್ಟಿದ್ದರಂತೆ. ಆ ಕ್ಲಾಸಿನಲ್ಲಿ ನಾನೂ ಇದ್ದೆ, ನಿದ್ದೆ ಮಾಡುತ್ತಿದ್ದೆ.

ಡಿಪೋದಲ್ಲಿ ಮ್ಯಾನೇಜರ್ ಕೇಳಿದ್ದು ಒಂದೇ ಪ್ರಶ್ನೆ. "ನಮ್ಮ ಬಸ್ಸಿಗೆ ಟಚ್ ಆಗಿದೆಯಾ?"

"ಇಲ್ಲ ಸಾರ್."

"ಹಾಗಾದ್ರೆ ನಮ್ಮ ಆಕ್ಸಿಡೆಂಟ್ ಅಲ್ಲ ಬಿಡಿ."

ಫಾರಂನಲ್ಲಿ ಕಾರಣಕ್ಕೆ ಐದು ಚೌಕ. ಅತಿವೇಗ, ಕುಡಿತ, ಮೊಬೈಲ್, ವಾಹನದ ದೋಷ, ಇತರೆ. ಕೈ ಬೀಸಿದ್ದಕ್ಕೆ ಚೌಕ ಇಲ್ಲ. ಬೈಕ್ ಸವಾರನ ಅತಿವೇಗ ಅಂತ ಗುರುತು ಹಾಕಿ ಸಹಿ ಮಾಡಿದೆ. ಮನೆಗೆ ಹೋಗಿ ಚೆನ್ನಾಗಿ ನಿದ್ದೆಯೂ ಬಂತು. ಅದನ್ನು ಮುಚ್ಚಿಟ್ಟು ಏನು ಮಾಡಲಿ.

ನಾಲ್ಕು ದಿನ ಕಳೆದು ಕ್ಯಾಮೆರಾ ನೋಡುವ ಹುಡುಗಿ ಕರೆದಳು. ನಮ್ಮ ಕ್ಯಾಬಿನ್‌ನಲ್ಲಿ ಡ್ರೈವರ್ ಮುಖಕ್ಕೆ ಒಂದು ಕ್ಯಾಮೆರಾ ಇದೆ. ಫೋನ್ ಹಿಡಿದವರನ್ನು ಹಿಡಿಯಲು ಬಿಟ್ಟರೆ ಇನ್ಯಾವುದಕ್ಕೂ ಅದನ್ನು ಯಾರೂ ನೋಡುವುದಿಲ್ಲ. "ಸಾರ್, ಒಂದ್ಸಲ ನೀವೇ ನೋಡಿ" ಅಂದಳು, ಅಷ್ಟೆ.

ನನ್ನ ನೆನಪಿನಲ್ಲಿ ಕೈ ಬೀಸಿದ್ದು ಒಂದೇ ಸಲ, ಮರ್ಯಾದೆಯಿಂದ. ವಿಡಿಯೋದಲ್ಲಿ ಎರಡು ಸಲ. ಮೊದಲನೆಯದು ಸರಿ, ನಗುನಗುತ್ತಾ. ಯಜಮಾನರು ಹೊರಡಲಿಲ್ಲ. ನಾನು ಡ್ಯಾಶ್‌ಬೋರ್ಡಿನ ಗಡಿಯಾರ ನೋಡುತ್ತೇನೆ. ಆಮೇಲೆ ಎರಡನೆಯದು, ಅಂಗಳಕ್ಕೆ ಬಂದ ಕೋಳಿಯನ್ನು ಓಡಿಸುವ ಹಾಗೆ. ಮುಖದಲ್ಲಿ ನಗು ಇಲ್ಲ. ವಯಸ್ಸಾದವರನ್ನು ದಾಟಿಸಿದೆ ಅಂದುಕೊಂಡಿದ್ದೆನಲ್ಲ, ಅದು ಸುಳ್ಳು. ಅವರು ದಾಟಿದರೆ ತಾನೇ ನಾನು ಹೊರಡುವುದು? ಆರು ನಿಮಿಷ ಲೇಟು.

ಇನ್ನೊಂದೂ ಕಂಡಿತು. ಕನ್ನಡಿ ನೋಡಿದ್ದಕ್ಕೂ ಆ ಎರಡನೇ ಕೈಗೂ ನಡುವೆ ಐದು ಸೆಕೆಂಡ್. 40 ಕಿ.ಮೀ. ವೇಗದ ಬೈಕ್ ಸೆಕೆಂಡಿಗೆ 11 ಮೀಟರ್ ಬರುತ್ತದೆ. ಐದು ಸೆಕೆಂಡಿಗೆ 55 ಮೀಟರ್. ನಾನು ಖಾಲಿ ಅಂದುಕೊಂಡ ರಸ್ತೆ ಐದು ಸೆಕೆಂಡ್ ಹಳೆಯದು.

ಹುಡುಗ ಮುಂದಿನ ವಾರ ಕೈಗೆ ಪ್ಲಾಸ್ಟರ್ ಹಾಕಿಕೊಂಡು ಬಂದ. ಇನ್ಶೂರೆನ್ಸಿಗೆ ನಡೆದದ್ದರ ಬಗ್ಗೆ ಒಂದು ಪತ್ರ ಬೇಕಿತ್ತು. ಅವನ ಪಕ್ಕ ಕೂತು, ಯಾಕಪ್ಪಾ ಅಷ್ಟು ಜೋರಾಗಿ ಬಂದೆ ಅಂತ ಕೇಳಿದೆ. "ಅಣ್ಣ, ನಿಮ್ಮ ರೈಟ್ ಇಂಡಿಕೇಟರ್ ಬಿತ್ತಲ್ಲ. ಬಸ್ ಹೊರಡ್ತಿದೆ, ಅಡ್ಡ ಬರೋದರೊಳಗೆ ದಾಟಿಬಿಡೋಣ ಅಂತ ಗೇರ್ ಇಳಿಸಿ ಎಳೆದೆ" ಅಂದ.

ನನಗೆ ಇದು ಹೊಳೆದೇ ಇರಲಿಲ್ಲ. ಇಂಡಿಕೇಟರ್ ಆಫ್ ಮಾಡದೆಯೇ ಕೈ ಬೀಸಿದ್ದೆ. ಮುಂದಿದ್ದವರಿಗೆ ನಾನು ನಿಂತಿರುತ್ತೇನೆ, ಹೋಗಿ ಅಂದೆ. ಹಿಂದಿದ್ದವನಿಗೆ ಇಗೋ ಹೊರಟೆ ಅಂದೆ. ಇಬ್ಬರೂ ನನ್ನ ಮಾತನ್ನು ನಂಬಿದರು. ಒಬ್ಬರಿಗೊಬ್ಬರು ಕಾಣದ ಹಾಗೆ 12 ಮೀಟರ್ ಉದ್ದದ ಗೋಡೆ ಕಟ್ಟಿ ಮಧ್ಯೆ ಕೂತಿದ್ದವನೂ ನಾನೇ.

ಒಂದು ಭಾನುವಾರ ಯಾರ್ಡ್‌ನಲ್ಲಿ ಇದನ್ನೇ ಮಾಡಿ ನೋಡಿದೆವು. ಖಾಲಿ ಬಸ್, ಟೇಪು, ನಾಲ್ಕು ಕೋನ್, ಮೆಕ್ಯಾನಿಕ್‌ನ ಬೈಕು. ಯಜಮಾನರ ಪಾತ್ರ ಕಂಡಕ್ಟರ್‌ನದ್ದು. ಬೈಕ್ ಮೇಲೆ ನಾನು, ಇಂಜಿನ್ ಆಫ್, ಬಸ್ಸಿನ ಹಿಂದಿನ ಮೂಲೆಯಲ್ಲಿ. ಕಂಡಕ್ಟರ್ ಬಂಪರ್‌ಗೆ ಹತ್ತಿಕೊಂಡು ನಡೆದ. ನನಗೆ ಏನೂ ಕಾಣಲಿಲ್ಲ. ಕಂಡಾಗ ಅವನು ಬಸ್ಸಿನ ಬಲ ಅಂಚು ದಾಟಿದ್ದ. ಬೈಕಿನ ದಾರಿಗೆ ಇನ್ನೊಂದು ಹೆಜ್ಜೆ, ಅಷ್ಟೆ.

ಈಗ ಲೆಕ್ಕ ಹಾಕಿ. ಕಣ್ಣಿಗೆ ಕಂಡು ಕೈ ಬ್ರೇಕ್ ಹಿಡಿಯುವಷ್ಟರಲ್ಲಿ ಒಂದು ಸೆಕೆಂಡ್ ಹೋಗುತ್ತದೆ. 40ರ ವೇಗದಲ್ಲಿ ಅಷ್ಟರೊಳಗೆ ಬಸ್ಸಿನ ಹಿಂಬದಿಯಿಂದ ಹೆಚ್ಚು ಕಡಿಮೆ ನನ್ನ ಕಿಟಕಿಗೆ ಬಂದಾಯಿತು. ಬ್ರೇಕ್ ಹಿಡಿಯುವುದು ಅಲ್ಲಿಂದ. ಒಣ ರಸ್ತೆಯಲ್ಲೂ ನಿಲ್ಲಲು ಇನ್ನೂ ಎಂಟೊಂಬತ್ತು ಮೀಟರ್ ಬೇಕು. 30ರಲ್ಲಿ ಬಂದರೆ ಎಲ್ಲ ಸೇರಿ ಸುಮಾರು 13 ಮೀಟರ್, ಕೂದಲೆಳೆಯಲ್ಲಿ ಉಳಿಯಬಹುದು. 60ರಲ್ಲಿ 36 ಮೀಟರ್ ದಾಟುತ್ತದೆ, ಅಂದರೆ ಮೂರು ಬಸ್ಸಿನ ಉದ್ದ. ಹುಡುಗ 40ರ ಆಸುಪಾಸಿನಲ್ಲಿದ್ದ. ಫಾರಂನಲ್ಲಿ ಅತಿವೇಗ ಅಂತ ನಾನು ಗುರುತು ಹಾಕಿದ ವೇಗ ಅದು.

ಕಂಡಕ್ಟರ್ ಬಂಪರ್ ಬಿಟ್ಟು ನಾಲ್ಕು ಹೆಜ್ಜೆ ಮುಂದಕ್ಕೆ ಹೋಗಿ ದಾಟಿದಾಗ ಇಬ್ಬರಿಗೂ ಇಬ್ಬರೂ ಎಷ್ಟೋ ಮೊದಲೇ ಕಂಡೆವು. ಅಗಲ ರಸ್ತೆಗಳಲ್ಲಿ ಜೀಬ್ರಾದಿಂದ 6ರಿಂದ 15 ಮೀಟರ್ ಹಿಂದೆಯೇ ವಾಹನ ನಿಲ್ಲಿಸುವ ಗೆರೆ ಎಳೆಯುವ ಪದ್ಧತಿ ಕೆಲವು ಕಡೆ ಇದೆ. ಕಾರಣ ಇದೇ. ಬಸ್ ಸ್ಟಾಪನ್ನು ಜೀಬ್ರಾ ದಾಟಿದ ಮೇಲೆ ಇಟ್ಟರೆ ಇಳಿದವರು ಬಸ್ಸಿನ ಹಿಂದಿನಿಂದ ದಾಟುತ್ತಾರೆ. ನಮ್ಮ ಸ್ಟಾಪ್ ಜೀಬ್ರಾಕ್ಕೆ ಮುಂಚೆಯೇ ಇದೆ. ಆಚೆಗೆ ಸರಿಸಿ ಅಂತ ಪತ್ರ ಬರೆದು ಏಳು ತಿಂಗಳಾಯಿತು. ಉತ್ತರ ಬಂದಿಲ್ಲ. ಸುರಕ್ಷತೆಯೇ ಮೊದಲು ಅನ್ನುವ ಸ್ಟಿಕ್ಕರ್ ಬಂದಿದೆ. ಅದನ್ನು ಗಾಜಿನ ಎಡಮೂಲೆಗೇ ಅಂಟಿಸಿಹೋದರು, ಛತ್ರಿ ಕಂಡಿತ್ತಲ್ಲ, ಸರಿಯಾಗಿ ಅಲ್ಲೇ. ಕಿತ್ತುಹಾಕಿದೆ.

ಬ್ರಿಟನ್ನಿನ ಹೈವೇ ಕೋಡ್‌ನಲ್ಲಿ ಒಂದು ಸಾಲು ಸಿಕ್ಕಿತು. ಕೈ ಬೀಸಿ, ಲೈಟ್ ಮಿನುಗಿಸಿ ಅಥವಾ ಹಾರ್ನ್ ಹೊಡೆದು ಪಾದಚಾರಿಗಳನ್ನು ದಾಟಲು ಕರೆಯಬೇಡಿ, ಬೇರೆ ವಾಹನ ಬರುತ್ತಿದ್ದರೆ ಅಪಾಯ ಅಂತ. 17 ವರ್ಷ ನಾನು ಸೌಜನ್ಯ ಅಂದುಕೊಂಡಿದ್ದನ್ನು ಅವರು ಮಾಡಬೇಡಿ ಅಂತ ಪುಸ್ತಕದಲ್ಲೇ ಬರೆದಿಟ್ಟಿದ್ದಾರೆ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಸ್ಲೈಡ್ ಒಂದು ನಮ್ಮ ಟ್ರೈನಿಂಗ್‌ನಲ್ಲಿದೆ. 2021ರಲ್ಲಿ ಪ್ರಪಂಚದ ರಸ್ತೆಗಳಲ್ಲಿ ಸತ್ತವರು ಸುಮಾರು 11.9 ಲಕ್ಷ, ಅರ್ಧಕ್ಕಿಂತ ಜಾಸ್ತಿ ಜನ ನಡೆಯುವವರು, ಸೈಕಲ್ಲಿನವರು, ಬೈಕಿನವರು. ಎಷ್ಟೋ ಸಲ ಹಾಕಿದ್ದೇನೆ, ಮುಂದಿನ ಸ್ಲೈಡ್ ಒತ್ತಿದ್ದೇನೆ. ಈಗ ಅದು ಬಂದಾಗ ಪ್ರೊಜೆಕ್ಟರ್ ಆಫ್ ಮಾಡಿ ಎಲ್ಲರನ್ನೂ ಯಾರ್ಡ್‌ಗೆ ಕರೆದುಕೊಂಡು ಹೋಗುತ್ತೇನೆ. ಬೈಕ್ ಮೇಲೆ ಕೂರಿಸುತ್ತೇನೆ, ಬಂಪರ್ ಮುಂದೆ ನಡೆಸುತ್ತೇನೆ. ಬಸ್ ಬಿಟ್ಟು ಬೈಕ್ ಹತ್ತಿ ಮನೆಗೆ ಹೋಗುವವರೇ ಅಲ್ವಾ ನಾವೂ. ನಿಂತ ಬಸ್ ಪಕ್ಕ ಹೋಗುವಾಗ ಮುಂದಿನಿಂದ ಒಬ್ಬರು ಬಂದೇ ಬರುತ್ತಾರೆ ಅಂದುಕೊಳ್ಳಿ, ಬಸ್ಸಿನ ಅಡಿಯಲ್ಲಿ ಕಾಲು ಕಾಣುತ್ತದಾ ನೋಡಿ, ಇಂಡಿಕೇಟರ್ ಬಿತ್ತು ಅಂತ ಎಳೆಯಬೇಡಿ ಅನ್ನುತ್ತೇನೆ.

ಸ್ಟೀರಿಂಗ್ ಹಿಡಿದಾಗ ಹೇಳುವುದು ಇನ್ನೂ ಕಮ್ಮಿ. ಯಾರಾದರೂ ಮುಂದೆ ಇಳಿದರೆ ಹ್ಯಾಂಡ್‌ಬ್ರೇಕ್ ಇರಲಿ, ಇಂಡಿಕೇಟರ್ ತೆಗಿ, ಎರಡೂ ಕೈ ಸ್ಟೀರಿಂಗ್ ಮೇಲೆ. ಮುಖ ನೋಡಿ ಕೇಳಿದರೂ ಹೋಗಿ ಅನ್ನಬೇಡ. ಅವರೇ ನೋಡಲಿ. ಕನ್ನಡಿಯಲ್ಲಿ ಬೈಕ್ ಕಂಡರೆ ಅಂಗೈ ಎತ್ತಿ ನಿಲ್ಲಿ ಅನ್ನು. ನಿಲ್ಲಿ ಅಂದದ್ದು ತಪ್ಪಾದರೆ ಅರ್ಧ ನಿಮಿಷ ಹೋಗುತ್ತದೆ, ಅಷ್ಟೆ.

"ಸಾರ್, ಸುಮ್ನೆ ಕೂತ್ರೆ ಅವರೂ ನಿಲ್ತಾರೆ, ನಾವೂ ನಿಲ್ತೀವಿ, ಲೇಟಾಗಲ್ವಾ?" ಅಂತ ಒಬ್ಬ ಕೇಳಿದ. ಆಗುತ್ತೆ ಅಂದೆ. ಲಾಗ್‌ಶೀಟ್‌ನಲ್ಲಿ ಏನು ಬರೀಲಿ ಅಂದ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ.

ಹುಡುಗನ ಪತ್ರದಲ್ಲಿ ನಡೆದದ್ದನ್ನು ನಡೆದ ಹಾಗೇ ಬರೆದು ಸಹಿ ಹಾಕಿದೆ. ಅದಕ್ಕೆ ನನಗೆ ಮೆಮೊ ಬಂತು, ಅನುಮತಿ ಇಲ್ಲದೆ ಹೊರಗಿನವರಿಗೆ ಹೇಳಿಕೆ ಕೊಟ್ಟಿದ್ದಕ್ಕೆ. ಹಳೆಯ ಫಾರಂ ತಿದ್ದಿ ಅಂದರೆ ಮುಚ್ಚಿದ ಫೈಲ್ ಅಂದರು. ಹಾಗಾಗಿ ಮೆಮೊ ಇರುವ, ಆಕ್ಸಿಡೆಂಟ್ ಇಲ್ಲದ ಡ್ರೈವರ್ ನಾನು.

ಯಜಮಾನರು ಈಗಲೂ ಅದೇ ಬಸ್ಸಿಗೆ ಬರುತ್ತಾರೆ. ಹೊಸ ಕೋಲು. ಇಳಿದ ಮೇಲೆ ಫುಟ್‌ಪಾತ್ ಮೇಲೆ ನಿಂತು ಬಸ್ ಹೋಗುವವರೆಗೆ ಕಾಯುತ್ತಾರೆ. ಮೊನ್ನೆ ಡಬಲ್ ಬೆಲ್ ಆದರೂ ನಾನು ಹೊರಟಿರಲಿಲ್ಲ, ಕನ್ನಡಿಯಲ್ಲಿ ಒಂದರ ಹಿಂದೆ ಒಂದು ಬೈಕ್ ಬರುತ್ತಿದ್ದವು. ಅವರಿಗೆ ತಾಳ್ಮೆ ಕೆಟ್ಟಿತು ಅಂತ ಕಾಣುತ್ತದೆ. ಕೋಲು ಕಂಕುಳಲ್ಲಿ ಸಿಕ್ಕಿಸಿಕೊಂಡು ನನ್ನ ಕಡೆ ಕೈ ಬೀಸಿದರು. ಹೋಗು ಹೋಗು. ಥೇಟ್ ಕೋಳಿ ಓಡಿಸುವ ಹಾಗೆ.

ಮೂರು ಬೈಕ್ ಹೋಗಲಿ ಅಂತ ಬಿಟ್ಟು ಹೊರಟೆ. ಅವತ್ತು ಒಂಬತ್ತು ನಿಮಿಷ ಲೇಟು.